ಗೌಜಲ ಮರಿಗಳ ಬಾಣಂತನ

ನವೆಂಬರ್ ೨೬, ೧೯೯೬, ಮಂಗಳವಾರ

ಅಲ್ಹಮ್ದುಲಿಲ್ಲಾಹ್, ಬಂದು ಸೇರಿದೆ. ಮೂವತ್ತು ವರ್ಷ ಪ್ರಾಥಮಿಕ ಶಾಲೆಯಲ್ಲಿ ಪಾಠ ಟಿಪ್ಪಣಿ ಬರೆದ ಕೈ ಇದು. ನಿವೃತ್ತಿಯಾದ ಮೇಲೂ ನಾಲ್ಕು ಸಾಲು ಬರೆಯದಿದ್ದರೆ ಉಂಡದ್ದು ಜೀರ್ಣವಾಗುವುದಿಲ್ಲ. ಯಾರಿಗೂ ತೋರಿಸಲಿಕ್ಕಲ್ಲ. ಈ ಮನೆಯಲ್ಲಿ ಓದುವವರೂ ಇಲ್ಲ ಅನ್ನಿ. ಮಗ ರಿಯಾಝ್‌ಗೆ ಪುರುಸೊತ್ತಿಲ್ಲ. ಸೊಸೆ ಸಾಲಿಹಾ ದೋಹಾದಲ್ಲಿ ಹುಟ್ಟಿ ಇಂಗ್ಲಿಷ್ ಶಾಲೆಯಲ್ಲಿ ಕಲಿತವಳು, ಕನ್ನಡ ಮಾತು ಬರುತ್ತದೆ, ಓದಲು ಒಂದಕ್ಷರ ಬಾರದು. 'ಮಾಮಿಗೆ ಟೀ ಈಗ ಬೇಕಾ, ಲೇಟರ್ ಬೇಕಾ?' ಎಂದು ಕೇಳುತ್ತಾಳೆ. ಚಾ ಮಾತ್ರ ಒಳ್ಳೆಯದು ಮಾಡುತ್ತಾಳೆ, ಅದನ್ನು ಇಲ್ಲ ಎನ್ನಲಾರೆ.

ನಾನು ಬಂದದ್ದು ಅವಳ ಹೆರಿಗೆಗೆ. ಚೊಚ್ಚಲ ಹೆರಿಗೆ ಮಾಡಿಸುವುದು ತಾಯಿಮನೆಯವರ ಕೆಲಸ, ಅತ್ತೆಯದ್ದಲ್ಲ. ಆದರೆ ಅವಳಿಗೆ ತಾಯಿ ಇಲ್ಲ. ತಂದೆ ಪಕೀರಬ್ಬ ಹಾಜಿಯವರಿಗೆ ದೋಹಾದಲ್ಲಿ ಬಟ್ಟೆ ಅಂಗಡಿ. ಗಂಡಸರು ಬಾಣಂತನ ಮಾಡಲಿಕ್ಕೆ ಉಂಟೇ? ಉಳ್ಳಾಲಕ್ಕೆ ಕಳಿಸು, ನಾನು ನೋಡಿಕೊಳ್ಳುತ್ತೇನೆ ಎಂದು ಎರಡು ಸಲ ಬರೆದಿದ್ದೆ. ವಿಮಾನ ಹತ್ತಬಾರದು ಎಂದರಂತೆ ಡಾಕ್ಟರ್. ಹಾಗಾಗಿ ನಾನೇ ವಿಮಾನ ಹತ್ತಿದೆ. ಹೆರಿಗೆ ಇಲ್ಲಿ ಆಗಲಿ, ನಲವತ್ತು ದಿನ ಮುಗಿದ ಕೂಡಲೇ ತಾಯಿ ಮಗು ಇಬ್ಬರನ್ನೂ ಊರಿಗೆ ಕರೆದೊಯ್ಯುವುದು ಎಂದು ರಿಯಾಝ್‌ಗೆ ಮೊದಲೇ ಹೇಳಿದ್ದೇನೆ.

ಅವನು ಕೆಲಸ ಮಾಡುವ ತೋಟ ದೋಹಾದ ಉತ್ತರಕ್ಕೆ ಬಹಳ ದೂರ, ಅಲ್ ಶಮಾಲ್‌ನಿಂದ ಸ್ವಲ್ಪ ಹೊರಗೆ. ನಾಲ್ಕು ಸಾಲು ಖರ್ಜೂರ, ಕುರಿಗಳಿಗೆ ಹಸಿರು ಮೇವು, ಕಾರ್ಮಿಕರ ಕೋಣೆಗಳು, ಎರಡು ಕೋಣೆಯ ಈ ಮನೆ. ಉಳಿದದ್ದೆಲ್ಲ ಆಕಾಶ. ಇಲ್ಲಿ ಮಗು ಬೆಳೆಸಬೇಕೆನ್ನುವವರಿಗೆ ತಲೆ ಸರಿ ಇದೆಯೇ ಎಂದು ನನಗೆ ಸಂಶಯ.

ನವೆಂಬರ್ ೩೦

ಇವತ್ತು ತೋಟದ ಯಜಮಾನರು ಬಂದಿದ್ದರು. ಎಲ್ಲರೂ ಅರ್ಬಾಬ್ ಎನ್ನುತ್ತಾರೆ. ವಯಸ್ಸಾದವರು, ಮೆಲ್ಲಗೆ ಮಾತು. ನನಗೆ ದೂರದಿಂದಲೇ ಎದೆಯ ಮೇಲೆ ಕೈಯಿಟ್ಟು ಸಲಾಂ ಹೇಳಿದರು.

ವಿಷಯ ಏನೆಂದರೆ, ಹೋದ ಬೇಸಿಗೆಯಲ್ಲಿ ಇಲ್ಲಿ ಸಾಕಿದ್ದ ಕೋಳಿಗಳೆಲ್ಲ ಸೆಕೆಗೆ ಸತ್ತುಹೋದವಂತೆ. ಹಕ್ಕಿ ಸಾಕುವ ಕೆಲಸವೇ ಬೇಡ ಎನ್ನುವಷ್ಟು ಅರ್ಬಾಬ್‌ಗೆ ಸಾಕಾಗಿದೆ. ಆದರೆ ಚಿಕ್ಕಂದಿನಲ್ಲಿ ಕಡಲು ದಾಟಿ ಸುಸ್ತಾಗಿ ಬಂದು ಬೀಳುತ್ತಿದ್ದ ಗೌಜಲ ಹಕ್ಕಿಗಳನ್ನು ಹಿಡಿಯುತ್ತಿದ್ದ ನೆನಪು ಅವರಿಗೆ. ಅದಕ್ಕೆ ರಿಯಾಝ್ ಕೊನೆಯದಾಗಿ ಕೇಳಿಕೊಂಡನಂತೆ: ಚಳಿಗಾಲದಲ್ಲಿ ಗೌಜಲ ಬೆಳೆಸಿ ಕೊಡುತ್ತೇನೆ, ಈದ್ ಹಬ್ಬಕ್ಕೆ ನಿಮ್ಮ ಮನೆಯ ಅತಿಥಿಗಳ ತಟ್ಟೆಗೆ ಇಲ್ಲಿಯದೇ ಹಕ್ಕಿ. ಆಯಿತು ಎಂದಿದ್ದರಂತೆ, ಮೊಟ್ಟೆಗಳು ಆಗಲೇ ಯಂತ್ರದಲ್ಲಿ ಕಾವಿಗೆ ಕೂತಿವೆ. ಹಬ್ಬದೊಳಗೆ ಆಗದಿದ್ದರೆ ಖಲಾಸ್.

'ಖಲಾಸ್ ಆದ್ರೆ ಎಂತ?' ಎಂದು ಮಗನನ್ನು ಕೇಳಿದೆ.

'ನನ್ನ ಕೆಲಸವೂ ಖಲಾಸ್, ಈ ಮನೆಯೂ ಖಲಾಸ್' ಎಂದ. 'ರಾಸ್ ಲಫಾನ್‌ನಲ್ಲಿ ಗ್ಯಾಸ್ ಪ್ಲಾಂಟ್ ಕೆಲಸ ನಡೀತಾ ಉಂಟು. ಅಲ್ಲಿ ಒಬ್ಬ ಕಾಂಟ್ರಾಕ್ಟರ್ ಬಾ ಅಂತ ಹೇಳಿದ್ದಾನೆ. ಆದ್ರೆ ಅಲ್ಲಿ ಕ್ಯಾಂಪ್, ಉಮ್ಮ. ಒಂದು ರೂಮಲ್ಲಿ ಎಂಟು ಜನ. ಫ್ಯಾಮಿಲಿಗೆ ಜಾಗ ಇಲ್ಲ.'

ಸಾಲಿಹಾ ತರಕಾರಿ ಹೆಚ್ಚುತ್ತಿದ್ದವಳು ತಲೆ ಎತ್ತಲಿಲ್ಲ. ಹಾಗಾದರೆ ಅವಳೂ ಮಗುವೂ ಉಳ್ಳಾಲಕ್ಕೆ ಬಂದು ಖಾಯಂ ನನ್ನ ಜೊತೆ. ನನಗಾಗಿಯೇ ಬರೆಯುವುದರಿಂದ ಸುಳ್ಳು ಯಾಕೆ? ಕೇಳಿ ನನಗೆ ಬೇಸರವಾಗಲಿಲ್ಲ.

ಡಿಸೆಂಬರ್ ೪

ಮರಿಗಳು ಹೊರಬಂದವು. ಅಲ್ಲಾಹನ ಕುದ್ರತ್ ಎಂದರೆ ಇದು. ಒಂದೊಂದೂ ನನ್ನ ಹೆಬ್ಬೆರಳಿನ ಮೇಲಿನ ಗೆಣ್ಣಿನಷ್ಟು. ಮೈಮೇಲೆ ಕಂದು ಹಳದಿ ಪಟ್ಟೆ, ನಡೆಯುವುದಿಲ್ಲ, ಓಡುವುದೇ. ಕುಡಿಯುವ ನೀರಿನ ತಟ್ಟೆಯಲ್ಲೇ ಮುಳುಗಿ ಸಾಯುತ್ತವಂತೆ, ಅದಕ್ಕೆ ತಟ್ಟೆಯಲ್ಲಿ ಬೆಣಚುಕಲ್ಲು ತುಂಬಿದ್ದಾನೆ ರಿಯಾಝ್.

ಇವುಗಳಿಗೆ ಮನೆ ಅಂದರೆ ಮೊದಲು ಆಫೀಸಾಗಿದ್ದ, ತಗಡಿನ ಡಬ್ಬದಂಥ ಹಳೆಯ ಪೋರ್ಟಾ ಕ್ಯಾಬಿನ್. ನೆಲಕ್ಕೆ ಮರದ ಹೊಟ್ಟು, ಸುತ್ತ ರಟ್ಟಿನ ಬೇಲಿ, ಮೇಲಿಂದ ತೂಗುವ ಕೆಂಪು ಬಲ್ಬುಗಳು. ಮೊದಲ ವಾರ ಮರಿಗಳ ಹತ್ತಿರ ಮೂವತ್ತೇಳು ಡಿಗ್ರಿ ಇರಬೇಕು, ಅಂದರೆ ನಮ್ಮ ಮೈಯ ಬಿಸಿ. ಆಮೇಲೆ ವಾರಕ್ಕೆ ಮೂರು ಡಿಗ್ರಿಯಂತೆ ಇಳಿಸಬೇಕು. ಹೊರಗೆ ಉತ್ತರದ ಗಾಳಿ ಬೀಸಿದರೆ ನನ್ನ ಹಲ್ಲೇ ಕಟಕಟ ಎನ್ನುತ್ತದೆ. ಈ ಹೆಬ್ಬೆರಳುಗಳ ಗತಿ ಏನು?

ಒಳಗೆ ಹೋಗಿ ನೋಡಿದವಳಿಗೆ ತಡೆಯಲಾಗಲಿಲ್ಲ. ಬಾಗಿಲ ಸಂದಿನಿಂದ ಗಾಳಿ, ಕಿಟಕಿ ಸಂದಿನಿಂದ ಗಾಳಿ, ಹಳೆಯ ಏಸಿ ಕೂರಿಸಿದ ಜಾಗದ ಸುತ್ತ ಕೈ ಹೋಗುವಷ್ಟು ಸಂದು. ಮೂವರು ಸೊಸೆಯರ ಬಾಣಂತನ ಮಾಡಿದವಳು ನಾನು, ನನ್ನ ಇಬ್ಬರು ತಂಗಿಯರದ್ದು ಬೇರೆ. ಬಾಣಂತಿ ಕೋಣೆಗೆ ಗಾಳಿ ಬಿಡುವ ಹೆಂಗಸು ನಮ್ಮ ಕಡೆ ಹುಟ್ಟಿಲ್ಲ.

'ಇದನ್ನು ನಂಗೆ ಬಿಡು ಮೋನೆ' ಎಂದೆ ಮಗನಿಗೆ. 'ಇದು ಗಂಡಸರ ಕೆಲಸ ಅಲ್ಲ.'

ಏಸಿಯ ಸುತ್ತ ಕಂಬಳಿ ತುರುಕಿದೆ. ಕಿಟಕಿಗೆ ಪ್ಲಾಸ್ಟಿಕ್ ಹೊಡೆಸಿದೆ. ಬಾಗಿಲಿಗೆ ಒಳಗಿಂದ ಗೋಣಿ, ಹೊರಗಿಂದ ದಪ್ಪ ಟಾರ್ಪಾಲು. ಸೂಜಿ ತೂರುವಷ್ಟೂ ಜಾಗ ಬಿಡಲಿಲ್ಲ. ಸಂಜೆ ಕೆಂಡಕ್ಕೆ ಸಾಂಬ್ರಾಣಿ ಹಾಕಿ ನಾಲ್ಕು ಮೂಲೆಗೂ ಹಿಡಿದೆ. ಮರಿಗಳು ಬಲ್ಬಿನ ಕೆಳಗೆ ಹರಡಿ ಮಲಗಿದವು. ಇವರೆಲ್ಲ ಇಷ್ಟು ದಿನ ನಾನಿಲ್ಲದೆ ಹೇಗೆ ಬದುಕಿದರೋ.

ಡಿಸೆಂಬರ್ ೮

ಕೆಲವು ಮರಿ ಸತ್ತಿವೆ. ಮೊದಲ ವಾರ ಒಂದಿಷ್ಟು ಸಾಯುವುದೇ ಎಂದ ರಿಯಾಝ್. ಉಳಿದವು ಕಣ್ಣು ಮುಚ್ಚಿಕೊಂಡು ಕೂರುತ್ತವೆ, ಪುಚ್ ಪುಚ್ ಎಂದು ಸೀನುತ್ತವೆ. ಶೀತವೇ ಇರಬೇಕು. ಥರ್ಮಾಮೀಟರ್ ಸರಿಯಾಗಿಯೇ ತೋರಿಸುತ್ತಿದೆ. ಆದರೂ ಎಲ್ಲಿಂದಲೋ ಗಾಳಿ ನುಗ್ಗುತ್ತಿದೆ ಎಂದು ಹುಡುಕಿ, ನೆಲದ ಅಂಚಿನ ಬಿರುಕಿಗೂ ಬಟ್ಟೆ ತುಂಬಿದೆ. ಸಾಂಬ್ರಾಣಿ ಬೆಳಿಗ್ಗೆಯೂ ಹಾಕತೊಡಗಿದ್ದೇನೆ. ನಾನು ಈಗ ಹೆಚ್ಚು ಹೊತ್ತು ಅಲ್ಲೇ ಒಳಗೆ ಸ್ಟೂಲು ಹಾಕಿ ಕೂತಿರುತ್ತೇನೆ.

ಸಾಲಿಹಾ ನನಗೆ ಚಾ ತಂದವಳು ಬಾಗಿಲು ಸರಿಸಿದ್ದೇ ತಡ, ಮೂಗು ಮುಚ್ಚಿಕೊಂಡು ಹಿಂದೆ ಸರಿದಳು. ಆಚೆ ಹೋಗಿ ವಾಂತಿ ಮಾಡಿಕೊಂಡಳು.

'ಮಾಮಿ, ಒಳಗೆ ತುಂಬಾ ಸ್ಮೆಲ್. ಕಣ್ಣು ಉರೀತದೆ.'

ನನಗೆ ಸಾಂಬ್ರಾಣಿಯ ಪರಿಮಳ ಬಿಟ್ಟರೆ ಏನೂ ಇಲ್ಲ. ಬಸುರಿಯರ ಮೂಗು, ಕಾಯಿಸಿದ ಹಾಲೂ ನಾತ ಅನ್ನಿಸುತ್ತದೆ. ಹೋಗಿ ಮಲಗು ಎಂದೆ. ಚಾ ತಣ್ಣಗಾಗಿತ್ತು.

ಡಿಸೆಂಬರ್ ೧೦

ಇವತ್ತು ಸತ್ತ ಮರಿಗಳನ್ನು ಬಕೆಟ್ ತುಂಬ ಹೊರಗೆ ಸಾಗಿಸಿದ ರಿಯಾಝ್.

ಡಿಸೆಂಬರ್ ೧೧

ಉಳಿದವು ಬೆರಳೆಣಿಕೆಯಷ್ಟು. ಎರಡನೇ ಸಲದ ಮೊಟ್ಟೆಗಳನ್ನು ನಿನ್ನೆ ಯಂತ್ರಕ್ಕೆ ಇಟ್ಟಾಗಿದೆ. ಅವೂ ಹೀಗೇ ಆದರೆ ಮೂರನೆಯದಕ್ಕೆ ಹಬ್ಬದೊಳಗೆ ಹೊತ್ತಿಲ್ಲ. ರಿಯಾಝ್ ರಾಸ್ ಲಫಾನ್‌ನ ಕಾಂಟ್ರಾಕ್ಟರ್ ಜೊತೆ ಫೋನಿನಲ್ಲಿ ಮಾತಾಡುತ್ತಿದ್ದ.

ಏನು ಆಗುವುದಿದ್ದರೂ ಒಳ್ಳೆಯದಕ್ಕೇ, ಅಲ್ಹಮ್ದುಲಿಲ್ಲಾಹ್. ಉಳ್ಳಾಲದ ಮನೆಯಲ್ಲಿ ಪಡುವಣ ಕೋಣೆ ಸಾಲಿಹಾಗೆ ಕೊಡಬಹುದು. ದೊಡ್ಡ ಮಗ ತಾಹಿರ್‌ನ ಮೂರು ಮಕ್ಕಳ ಗಲಾಟೆ ಅಲ್ಲಿಗೆ ಅಷ್ಟು ಕೇಳಿಸುವುದಿಲ್ಲ. ತೊಟ್ಟಿಲು ಅಟ್ಟದಲ್ಲಿದೆ.

ಇದನ್ನು ಬರೆದು ನೋಡಿದರೆ ನನಗೇ ಚೆನ್ನಾಗಿ ಕಾಣುತ್ತಿಲ್ಲ. ಪಕ್ಕದ ಕೋಣೆಯಲ್ಲಿ ಅವನು ಅವಳಿಗೆ 'ಒಂದೆರಡು ವರ್ಷ ಅಷ್ಟೇ' ಎನ್ನುತ್ತಿದ್ದಾನೆ. ಅವಳು ಹೂಂ ಎನ್ನುತ್ತಿಲ್ಲ.

ಡಿಸೆಂಬರ್ ೧೩, ಶುಕ್ರವಾರ

ಬರೆಯಲು ಮನಸ್ಸಿಲ್ಲ. ಆದರೂ ಬರೆಯಬೇಕು.

ನಿನ್ನೆ ಸಾಲಿಹಾಳ ತಪಾಸಣೆಗೆ ದೋಹಾಕ್ಕೆ ಹೋದೆವು. ಪಕೀರಬ್ಬ ಹಾಜಿಯವರ ಮನೆಯಲ್ಲಿ ಉಳಿದು, ಬೆಳಿಗ್ಗೆ ಸಮುದ್ರದ ಬದಿಯಲ್ಲಿ ನಡೆದಾಡಿ, ಮಧ್ಯಾಹ್ನ ವಾಪಸು. ಇಳಿದವಳೇ ಮರಿಗಳನ್ನು ನೋಡಲು ಹೋದೆ. ಟಾರ್ಪಾಲು ಸರಿಸಿ ಬಾಗಿಲು ತೆರೆದೆ.

ಯಾರೋ ಮುಖಕ್ಕೆ ಹೊಡೆದ ಹಾಗಾಯಿತು. ನಮ್ಮ ಶಾಲೆಯ ಹಿಂದಿನ ಮೂತ್ರಿ ಬೇಸಿಗೆ ರಜೆ ಮುಗಿದು ತೆರೆದಾಗ ಬರುತ್ತಿತ್ತಲ್ಲ, ಅದೇ. ಕಣ್ಣಲ್ಲಿ ನೀರು ಸುರಿಯಿತು. ಬಗ್ಗಿದೆ. ಬಗ್ಗಿದಷ್ಟೂ ಹೆಚ್ಚು. ಮೊಣಕಾಲೂರಿ, ಮರಿಗಳ ಎತ್ತರಕ್ಕೆ ಮುಖ ತಂದೆ. ಅಲ್ಲಿ ಉಸಿರೇ ಎಳೆಯಲಾಗಲಿಲ್ಲ. ಒದ್ದೆ ಹೊಟ್ಟು, ಹಿಕ್ಕೆ, ಅದರ ಮೇಲೆ ನನ್ನ ಸಾಂಬ್ರಾಣಿ ಹೊಗೆ, ಎಲ್ಲ ಸೇರಿ ಹೊರಗೆ ಹೋಗಲು ದಾರಿಯಿಲ್ಲದೆ ನೆಲದ ಮೇಲೆ ಹೆಪ್ಪುಗಟ್ಟಿ ಕೂತಿದೆ. ಇಷ್ಟು ದಿನವೂ ಇತ್ತು. ನಾನು ದಿನವಿಡೀ ಒಳಗೇ ಕೂತು ನನ್ನ ಮೂಗು ಸತ್ತುಹೋಗಿತ್ತು. ಸಾಲಿಹಾ ಹೊರಗಿನಿಂದ ಬಂದವಳು, ಅವಳಿಗೆ ಗೊತ್ತಾಯಿತು. ಹೇಳಿದಳು ಕೂಡ.

ಅವು ಚಳಿಗೆ ಸಾಯಲಿಲ್ಲ. ಬೆಚ್ಚಗಿದ್ದೇ ಸತ್ತವು. ನಾನೇ ಕೊಂದೆ.

ಅಲ್ಲೇ ನೆಲದ ಮೇಲೆ ಕೂತುಬಿಟ್ಟಿದ್ದೆನಂತೆ. ಸಾಲಿಹಾ ಎಬ್ಬಿಸಿದಳು. ಆ ಹೊಟ್ಟೆ ಹೊತ್ತು, ಒಂದು ಕೈಯಲ್ಲಿ ನನ್ನನ್ನು ಹಿಡಿದು, ನಲ್ಲಿಯ ಹತ್ತಿರ ಕೂರಿಸಿ ನನ್ನ ಕಣ್ಣು ತೊಳೆದಳು. ಅವಳು 'ನಾನು ಅವತ್ತೇ ಹೇಳಿದ್ದೆ' ಎನ್ನುತ್ತಾಳೆ ಎಂದು ಕಾದೆ. ಅವಳ ಜಾಗದಲ್ಲಿ ನಾನಿದ್ದರೆ ಮೂರು ಸಲ ಹೇಳುತ್ತಿದ್ದೆ.

'ಕಣ್ಣು ಉಜ್ಜಬೇಡಿ ಮಾಮಿ, ರೆಡ್ ಆಗ್ತದೆ' ಎಂದಳು. ಅಷ್ಟೇ.

ರಿಯಾಝ್‌ಗೆ ನಾನೇ ಹೇಳಿದೆ. ಅವನು ತಲೆ ತಗ್ಗಿಸಿ, 'ನಾನೂ ಒಳಗೆ ಹೋಗ್ತಾ ಇದ್ದೆನಲ್ಲ ಉಮ್ಮ, ಅಮೋನಿಯಾ ಅಂತ ನಂಗೆ ಗೊತ್ತಾಗ್ಬೇಕಿತ್ತು. ಚಳಿ ಒಂದೇ ತಲೆಯಲ್ಲಿತ್ತು' ಎಂದ. ಇಬ್ಬರೂ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಸುಲಭವಾಗುತ್ತಿತ್ತು.

ಡಿಸೆಂಬರ್ ೧೮

ದಿನವೂ ಕೆಲಸ. ಪೋರ್ಟಾ ಕ್ಯಾಬಿನ್‌ನ ಹೊಟ್ಟನ್ನೆಲ್ಲ ಕೆರೆದು ತೆಗೆದು, ತೊಳೆದು, ಬಿಸಿಲಿಗೆ ಬಾಗಿಲು ತೆರೆದಿಟ್ಟಿದ್ದೇವೆ. ತೋಟದ ಪಂಪು, ಕರೆಂಟು ನೋಡಿಕೊಳ್ಳುವ ಜೇಕಬ್ ಏಸಿಯನ್ನೇ ಕಿತ್ತು ಹಾಕಿದ. ಬಜ್ಪೆಯವನು, ಬಾಯಿ ಸುಮ್ಮನಿರುವುದಿಲ್ಲ.

'ಟೀಚರ್, ಮೊನ್ನೆ ಇದಕ್ಕೆ ಕಂಬಳಿ ತುರುಕಿ ಅಂದವರು ನೀವೇ. ಇವತ್ತು ತೂತು ದೊಡ್ಡದು ಮಾಡು ಅನ್ನುವವರೂ ನೀವೇ. ನಾಳೆ ತಲೆ ಮೇಲಿನ ಮಾಡೇ ತೆಗಿ ಅಂತೀರಾ?'

'ಅಗತ್ಯ ಬಿದ್ರೆ ತೆಗಿಲಿಕ್ಕೆ ಉಂಟು. ನೀನು ಈ ತೂತಿಗೆ ಬಲೆ ಹೊಡಿ' ಎಂದೆ.

ಆ ತೂತು ಎತ್ತರದಲ್ಲಿದೆ, ಗಾಳಿ ಬರುವ ದಿಕ್ಕಿನದ್ದಲ್ಲ. ಎದುರು ಗೋಡೆಯ ಮೇಲ್ಭಾಗದಲ್ಲೂ ಒಂದು ಸೀಳು ಮಾಡಿಸಿದೆವು. ಗಾಳಿ ಮರಿಗಳ ತಲೆಯ ಮೇಲಿನಿಂದ ಹೋಗಬೇಕು, ಮೈಮೇಲಿಂದಲ್ಲ. ಸುತ್ತ ರಟ್ಟಿನ ಬೇಲಿ ಎತ್ತರಿಸಿದ್ದೇವೆ. ಸಾಂಬ್ರಾಣಿಯ ಡಬ್ಬ ಸಾಲಿಹಾ ಎಲ್ಲಿಟ್ಟಳೋ, ನಾನೂ ಕೇಳಲಿಲ್ಲ.

ಅವಳೇ ಒಂದು ಉಪಾಯ ಹೇಳಿದಳು. ಒಳಗೆ ಕೆಲಸ ಮಾಡುವವರು ವಾಸನೆ ನೋಡಬಾರದು. ದಿನಕ್ಕೆ ಎರಡು ಸಲ ಮನೆಯಿಂದ ನೇರ ಬಂದು ಅವಳು ಬಾಗಿಲಲ್ಲಿ ನಿಂತು ಮೂಸುವುದು. ಅವಳು ಸರಿ ಎಂದರೆ ಸರಿ.

ಡಿಸೆಂಬರ್ ೨೮

ಎರಡನೇ ಮರಿಗಳು ಬಂದವು. ಇವತ್ತು ಬರೆಯಲು ಹೆಚ್ಚು ಧೈರ್ಯವಿಲ್ಲ. ಯಾ ಅಲ್ಲಾಹ್, ನನ್ನ ಬುದ್ಧಿವಂತಿಕೆಯಿಂದ ಇವನ್ನು ಕಾಪಾಡು.

ಡಿಸೆಂಬರ್ ೩೧

ತೂತು ತೆರೆದಿಟ್ಟರೆ ಬಿಸಿ ಹೋಗುತ್ತದೆ, ಮರಿಗಳು ಒಂದರ ಮೇಲೊಂದು ಬಿದ್ದು ಮುದ್ದೆಯಾಗುತ್ತವೆ. ಅಡಿಯಲ್ಲಿದ್ದವು ಅಪ್ಪಚ್ಚಿ. ಬಲ್ಬು ತೀರ ಕೆಳಗಿಳಿಸಿದರೆ ಬೇಲಿಯ ಅಂಚಿಗೆ ಓಡಿ ಬಾಯಿ ತೆರೆದು ಏದುಸಿರು ಬಿಡುತ್ತವೆ. ನಾನೂ ರಿಯಾಝೂ ಬಲ್ಬಿನ ಸರಪಳಿ ಒಂದು ಕೊಂಡಿ ಮೇಲೆ, ಒಂದು ಕೊಂಡಿ ಕೆಳಗೆ ಮಾಡುತ್ತಾ, ಮರಿಗಳನ್ನು ನೋಡುತ್ತಾ ಕೂರುತ್ತೇವೆ. ಇಡೀ ನೆಲದಲ್ಲಿ ಸಮವಾಗಿ ಹರಡಿ, ಕಾಳು ಹೆಕ್ಕುತ್ತಾ ಚಿಲಿಪಿಲಿ ಎನ್ನುತ್ತಿದ್ದರೆ ಸರಿ ಎಂದರ್ಥ. ಥರ್ಮಾಮೀಟರಿಗಿಂತ ಮರಿಗಳೇ ಚೆನ್ನಾಗಿ ಹೇಳುತ್ತವೆ. ತರಗತಿಯಲ್ಲೂ ನಾನು ಹಾಗೇ ನೋಡುತ್ತಿದ್ದೆ. ಇಲ್ಲಿ ಮಾತ್ರ ಯಾಕೆ ಹೊಳೆಯಲಿಲ್ಲವೋ.

ಸಾಲಿಹಾ ಬೆಳಿಗ್ಗೆ ಬಂದು ಬಾಗಿಲಲ್ಲಿ ನಿಂತಳು. ನಾನು, ರಿಯಾಝ್, ಜೇಕಬ್ ಮೂವರೂ ಪರೀಕ್ಷೆಯ ಫಲಿತಾಂಶಕ್ಕೆ ಕಾಯುವವರ ಹಾಗೆ ಅವಳ ಮೂಗನ್ನೇ ನೋಡುತ್ತಾ ನಿಂತೆವು.

'ಆ ಮೂಲೆ' ಎಂದಳು.

ಆ ಮೂಲೆಯಲ್ಲಿ ನೀರು ಚೆಲ್ಲಿ ಹೊಟ್ಟು ಒದ್ದೆಯಾಗಿತ್ತು. ತೆಗೆದು ಒಣ ಹೊಟ್ಟು ಹಾಕಿದೆವು. ಆ ಮೂಗಿಗೆ ದೇವರು ಒಳ್ಳೆಯದು ಮಾಡಲಿ.

ಜನವರಿ ೬, ೧೯೯೭

ರೆಕ್ಕೆಗೆ ಗರಿ ಬರುತ್ತಿದೆ. ಬಿಸಿ ಮೂರು ಡಿಗ್ರಿ ಇಳಿಸಿದೆವು. ಸಾವು ಬಹಳ ಕಡಿಮೆ.

ಸಾಲಿಹಾಗೆ ಕಾಲು ಬಾವು. ಬಿಸಿನೀರಿನಲ್ಲಿ ಇಳಿಬಿಡಿಸಿ ಎಣ್ಣೆ ತಿಕ್ಕುತ್ತಿದ್ದೆ. ಅವಳ ತಾಯಿ ತೀರಿಹೋದಾಗ ಅವಳಿಗೆ ಎಂಟು ವರ್ಷವಂತೆ. ಆಮೇಲೆ ಬಾಪ ಅಂಗಡಿಯಿಂದ ಬರುವವರೆಗೆ ಅವಳೊಬ್ಬಳೇ ಫ್ಲಾಟಿನಲ್ಲಿ, ಒಳಗಿಂದ ಚಿಲಕ ಹಾಕಿಕೊಂಡು. 'ಯಾರು ಬಂದ್ರೂ ಓಪನ್ ಮಾಡಬಾರದು ಅಂತ ಹೇಳಿದ್ರು. ಅದಕ್ಕೇ ನಂಗೆ ಈ ಜಾಗ ಇಷ್ಟ ಮಾಮಿ. ಬಾಗಿಲು ತೆರೆದೇ ಇರ್ತದೆ.'

ನಾನು ಬಂದ ದಿನ ಈ ಜಾಗದ ಬಗ್ಗೆ ಏನು ಬರೆದಿದ್ದೆನೋ, ತಿರುಗಿಸಿ ಓದಲು ಮನಸ್ಸಾಗಲಿಲ್ಲ. ಅವಳಿಗೆ ಗಂಜಿಗೆ ಮೆಂತ್ಯ ಹಾಕಿ ಕೊಟ್ಟೆ, ಕುಡಿದಳು.

ಜನವರಿ ೧೦, ಶುಕ್ರವಾರ

ರಂಝಾನ್ ಶುರು. ಜೇಕಬ್ ನಮ್ಮೆದುರು ಚಾ ಕುಡಿಯುವುದಿಲ್ಲ ಎಂದು ಶಪಥ ಮಾಡಿ, ಪಂಪಿನ ಕೋಣೆಯೊಳಗೆ ಹೋಗಿ ಕುಡಿಯುತ್ತಾನೆ. ಸಂಜೆ ನಮ್ಮೊಡನೆ ಕೂತು ಖರ್ಜೂರ ತಿನ್ನುವುದರಲ್ಲಿ ಮಾತ್ರ ಅವನೇ ಮೊದಲು.

ಜನವರಿ ೧೪

ಹೆಣ್ಣು ಮಗು. ಅಲ್ಹಮ್ದುಲಿಲ್ಲಾಹ್, ಅಲ್ಹಮ್ದುಲಿಲ್ಲಾಹ್. ನಿನ್ನೆಯದನ್ನೆಲ್ಲ ಇವತ್ತು ಆಸ್ಪತ್ರೆಯ ಬೆಂಚಿನ ಮೇಲೆ ಕೂತು ಬರೆಯುತ್ತಿದ್ದೇನೆ.

ನಿನ್ನೆ ಬೆಳಿಗ್ಗೆ ನೋವು ಶುರುವಾಗಿ ದೋಹಾಕ್ಕೆ ಬಂದೆವು. ಇನ್ನೂ ಹೊತ್ತಿದೆ ಎಂದರು ನರ್ಸ್. ಅಷ್ಟರಲ್ಲಿ ಉತ್ತರದ ಗಾಳಿ ಎದ್ದಿತು, ಧೂಳು ಮಂಕು. ಮರಿಗಳ ಹತ್ತಿರ ಜೇಕಬ್ ಒಬ್ಬನೇ. ರಿಯಾಝ್ ಅತ್ತ ನೋಡುತ್ತಾನೆ, ಇತ್ತ ನೋಡುತ್ತಾನೆ. 'ನೀವು ಹೋಗಿ, ಮಾಮಿ ಇದ್ದಾರಲ್ಲ' ಎಂದು ಸಾಲಿಹಾಳೇ ಕಳಿಸಿದಳು.

ಮಧ್ಯಾಹ್ನ ಕಾರ್ಡ್ ಫೋನಿನಿಂದ ತೋಟಕ್ಕೆ ಮಾಡಿದೆ.

'ಗಾಳಿ ವಿಪರೀತ ಉಮ್ಮ. ಮರಿಗಳೆಲ್ಲ ಮುದ್ದೆ ಆಗಿದ್ವು. ಎರಡೂ ತೂತು ಬ್ಲಾಂಕೆಟ್ ಹಾಕಿ ಮುಚ್ಚಿದೆ. ಸೀಮೆಎಣ್ಣೆ ಹೀಟರೂ ಇಟ್ಟಿದ್ದೇನೆ.'

'ತೆಗಿ ಮೋನೆ. ಈಗಲೇ ತೆಗಿ.'

'ತೆಗೆದ್ರೆ ಚಳಿಗೆ ಸಾಯ್ತವೆ. ಬಾಣಂತಿ ಕೋಣೆಗೆ ಗಾಳಿ ಬಿಡಬಾರದು ಅಂತ ಹೇಳಿದ್ದು ನೀವೇ ಅಲ್ವಾ? ವಾಸನೆ ಏನೂ ಇಲ್ಲ, ನಾನು ಬಂದಾಗಿನಿಂದ ಒಳಗೇ ಇದ್ದೇನೆ. ಈಗ ನೋಡಿ, ಎಲ್ಲ ಎಷ್ಟು ಸುಮ್ನೆ ಮಲಗಿದ್ದಾವೆ.'

ಮೊದಲ ಮರಿಗಳೂ ಹೀಗೇ ಸುಮ್ಮನೆ ಮಲಗಿದ್ದವು. ಎಷ್ಟು ಹೇಳಿದರೂ ಕೇಳಲಿಲ್ಲ. ನನ್ನ ಪಾಠವನ್ನು ನನ್ನ ಮಗನಷ್ಟು ಚೆನ್ನಾಗಿ ಕಲಿತ ವಿದ್ಯಾರ್ಥಿ ಇನ್ನೊಬ್ಬನಿಲ್ಲ.

ಒಳಗೆ ಬಂದೆ. ಹೆರುವ ಹೆಂಗಸಿನ ಹತ್ತಿರ ಇದನ್ನು ಹೇಳುವುದು ಹೇಗೆ? ನೋವು ಬಂದು ಹೋದ ಮೇಲೆ ಅವಳೇ ಕೇಳಿದಳು, 'ಫೋನ್ ಮಾಡಿದ್ರಾ? ಮುಖ ಯಾಕೆ ಹಾಗೆ?'

ಹೇಳಿದೆ. ಅವಳು ನನ್ನ ಕೈ ಹಿಡಿದುಕೊಂಡು ಇನ್ನೊಂದು ನೋವು ಮುಗಿಸಿದಳು. ಆಮೇಲೆ ಉಸಿರು ತಿರುಗಿಸಿಕೊಂಡು, 'ತೆಗಿ ಅಂತ ಹೇಳಬೇಡಿ. ಹೊರಗೆ ಹೋಗಿ ಅಸರ್ ನಮಾಝ್ ಮಾಡಿ ಬನ್ನಿ ಅಂತ ಹೇಳಿ. ಮನೆಯಲ್ಲಿ ಮುಖ ತೊಳೆದು, ನಮಾಝ್ ಮಾಡಿ, ಸ್ವಲ್ಪ ಗಾಳಿಯಲ್ಲಿ ನಿಂತು, ಮತ್ತೆ ಒಳಗೆ ಹೋಗಲಿ' ಎಂದಳು.

ನಾನು ಮತ್ತೆ ಫೋನ್ ಮಾಡಿ ಹಾಗೇ ಹೇಳಿದೆ. ನಮಾಝ್ ಬೇಡ ಎನ್ನಲು ಅವನಿಂದಾಗಲಿಲ್ಲ. ಒಳಗೆ ಹೋದವನು ಮೊಣಕಾಲೂರಿ ಮರಿಗಳ ಹತ್ತಿರ ಮೂಗಿಡು, ಆಮೇಲೆ ನನಗೆ ಫೋನ್ ಮಾಡು ಎಂದೆ.

ಆಸ್ಪತ್ರೆಗೆ ಫೋನ್ ಮಾಡಿ ನನ್ನನ್ನು ಕರೆಸುವುದು ಸುಲಭವಲ್ಲ, ಅವನ ಫೋನ್ ಬರಲಿಲ್ಲ. ಒಳಗೆ ಸಾಲಿಹಾ, ಹೊರಗೆ ಈ ಯೋಚನೆ. 'ಇನ್ನು ಸ್ವಲ್ಪ ಮೋಳೆ, ಇನ್ನು ಸ್ವಲ್ಪ' ಎನ್ನುತ್ತಾ ಹೆತ್ತ ಮಗಳಿಗೆ ಮಾಡಿದಂತೆ ಬೆನ್ನು ನೀವಿದೆ. ಸಂಜೆ ಮಗ್ರಿಬ್ ಬಾಂಗ್ ಆಗುವ ಹೊತ್ತಿಗೆ ಮಗು ಅತ್ತಿತು. ಫ್ಲೋರಿನ್ ಎಂಬ ಕುಂದಾಪುರದ ನರ್ಸ್ ಒಂದು ಖರ್ಜೂರ ತಂದು ನನ್ನ ಬಾಯಿಗೇ ಇಟ್ಟಳು, ಉಪವಾಸ ಬಿಡಿ ಅಮ್ಮ ಎಂದು. ಆ ಖರ್ಜೂರದ ರುಚಿ ನಾನು ಸಾಯುವವರೆಗೆ ಮರೆಯುವುದಿಲ್ಲ.

ಆಮೇಲೆ ರಿಯಾಝ್ ಬಂದ. ಕಣ್ಣು ಕೆಂಡದ ಹಾಗೆ ಕೆಂಪು. 'ತೆಗೆದೆ ಉಮ್ಮ' ಎಂದ. 'ಒಳಗೆ ಹೋದವನಿಗೆ ಉಸಿರೇ ಕಟ್ಟಿತು. ಹೀಟರ್ ಹೊರಗೆ ಹಾಕಿದೆ, ತೂತು ತೆರೆದೆ, ಬಲ್ಬು ಇಳಿಸಿದೆ. ಒಂದಷ್ಟು ಹೋದವು. ಉಳಿದವು ಎದ್ದು ಓಡಾಡ್ತಾ ಉಂಟು. ಜೇಕಬ್ ಒಳಗೆ ಹೋಗದೆ ಬಾಗಿಲಲ್ಲೇ ಕೂತಿದ್ದಾನೆ.'

ಮಗುವನ್ನು ಅವನ ಕೈಗೆ ಕೊಟ್ಟೆ. ಹುಟ್ಟಿದ ಮಗುವಿನ ಬಲಗಿವಿಯಲ್ಲಿ ಬಾಂಗ್ ಹೇಳಬೇಕು. ಅಲ್ಲಿಗೆ ಬಾಯಿ ತಂದು ಅಳುತ್ತಲೇ ಹೇಳಿದ. ಇವತ್ತು ಯಾರಿಗೆಲ್ಲ ಶುಕ್ರ್ ಹೇಳಲಿ? ದೇವರಿಗೆ ಮೊದಲು. ಆಮೇಲೆ ಹೆರಿಗೆ ನೋವಿನ ನಡುವೆ ಗಂಡನನ್ನು ನಮಾಝಿಗೆ ಕಳಿಸಿದವಳಿಗೆ.

ಜನವರಿ ೨೨

ಹೆಸರು ಫಾಹಿಮಾ. ತೋಟಕ್ಕೆ ಬಂದಾಯಿತು. ಬಾಣಂತನ ಜೋರು. ಎಣ್ಣೆ ಸ್ನಾನ, ಮೆಂತ್ಯ ಗಂಜಿ, ತಲೆಗೆ ಬಟ್ಟೆ. ಮೇಲಿನ ಸಣ್ಣ ಕಿಟಕಿ ತೆರೆದೇ ಇದೆ. ನೋಡಲು ಬಂದ ದೋಹಾದ ಹೆಂಗಸರು ಮುಖ ಮುಖ ನೋಡಿಕೊಂಡರು. ಕೋಣೆ ಬೆಚ್ಚಗಿದೆಯಲ್ಲ, ಇನ್ನೇನು ಬೇಕು ಎಂದೆ. ನನ್ನ ಬಾಣಂತನಕ್ಕೆ ಹೆಸರಿಡಲು ಇವರು ಯಾರು?

ಗೌಜಲಗಳಿಗೆ ಈಗ ಹಗಲು ಬಲ್ಬೇ ಬೇಡ. ಕಪ್ಪು ಕಂದು ಗರಿ ಬಂದು ಸೊಕ್ಕಿ ಹಾರುತ್ತವೆ, ಬಲೆಗೆ ತಲೆ ಗುದ್ದಿಕೊಳ್ಳುತ್ತವೆ.

ಫೆಬ್ರವರಿ ೭

ಅರ್ಬಾಬ್ ಬಂದರು. ಒಳಗೆ ಹೋಗಿ ಒಂದು ಹಕ್ಕಿಯನ್ನು ಎರಡೂ ಕೈಯಲ್ಲಿ ಹಿಡಿದು, ಎದೆ ಒತ್ತಿ ನೋಡಿದರು. ಆಮೇಲೆ ಗಾಳಿಯನ್ನು ಎಳೆದು ಮೂಸಿ ರಿಯಾಝ್‌ನ ಹತ್ತಿರ ಏನೋ ಕೇಳಿದರು. ವಾಸನೆ ಇಲ್ಲವಲ್ಲ, ಯಾರು ಮಾಡಿದ್ದು ಎಂದರಂತೆ. ರಿಯಾಝ್ ನಮ್ಮ ಕೋಣೆಯ ಕಡೆ ಕೈ ತೋರಿಸಿದ.

ಹಕ್ಕಿಗಳಿಗೆ ಇನ್ನೂ ದೊಡ್ಡ ಶೆಡ್ಡು ಕಟ್ಟೋಣ ಎಂದಿದ್ದಾರೆ. ಮನೆ ಇದೇ. ರಾಸ್ ಲಫಾನ್ ಮಾಫಿ, ಇಲ್ಲಿಯವರ ಮಾತಿನಲ್ಲಿ 'ಇಲ್ಲ'. ರಿಯಾಝ್ ಹೋಗಿ ಶುಕ್ರ್ ನಮಾಝ್ ಮಾಡಿದ. ನಾನು ಸಾಲಿಹಾಳ ಹತ್ತಿರ ಹೋಗಿ ಹೇಳಿದೆ. ಅವಳು ಮಗುವಿಗೆ ಹಾಲು ಕೊಡುತ್ತಿದ್ದವಳು ನಗಲು ಹೋಗಿ ಅತ್ತುಬಿಟ್ಟಳು. ಬಾಣಂತಿ ಅಳಬಾರದು ಎಂದೆ. ನನ್ನ ಕಣ್ಣಲ್ಲೂ ನೀರಿತ್ತು.

ಫೆಬ್ರವರಿ ೮, ಹಬ್ಬ

ಅರ್ಬಾಬ್‌ನ ಮನೆಯಿಂದ ದೊಡ್ಡ ತಟ್ಟೆ ಬಂತು, ಅನ್ನದ ಮೇಲೆ ನಮ್ಮವೇ ಗೌಜಲಗಳು. ಜೇಕಬ್ 'ಟೀಚರ್ ಹೇಗೆ ತಿಂತಾರೆ, ಪಾಪ, ಸಾಕಿದ ಕೈ' ಎಂದು ತಮಾಷೆ ಮಾಡಿದ. ಬಿಸ್ಮಿಲ್ಲಾ ಹೇಳಿ ಎರಡು ತಿಂದೆ. ಸುಳ್ಳು ಹೇಳಲಾರೆ, ಬಹಳ ರುಚಿಯಾಗಿತ್ತು.

ಫೆಬ್ರವರಿ ೨೧

ನಲವತ್ತು ಮುಗಿಯಿತು. ನನ್ನ ವೀಸಾವೂ ಮುಗಿಯುತ್ತಿದೆ. ಊಟಕ್ಕೆ ಕೂತಾಗ ರಿಯಾಝ್ ಹೇಳಿದ, 'ಉಮ್ಮ, ಬರುವಾಗ ಹೇಳಿದ್ರಲ್ಲ, ಇಬ್ಬರನ್ನೂ ಊರಿಗೆ ಕರ್ಕೊಂಡು ಹೋಗ್ತೇನೆ ಅಂತ. ಮಾತು ಕೊಟ್ಟಿದ್ದೇನೆ, ಇಲ್ಲ ಅನ್ನುದಿಲ್ಲ. ಆರು ತಿಂಗಳು ಇರ್ಲಿ. ಟಿಕೆಟ್ ಅರ್ಬಾಬ್ ಕೊಡ್ತಾರಂತೆ.'

ಸಾಲಿಹಾ ನನ್ನನ್ನು ನೋಡಿದಳು. ಬೇಡ ಎನ್ನುವ ಹುಡುಗಿಯಲ್ಲ ಅವಳು. ಹೋಗೋಣ ಎಂದಿದ್ದರೆ ಅವತ್ತೇ ಪೆಟ್ಟಿಗೆ ಕಟ್ಟುತ್ತಿದ್ದಳು.

'ಬರುವ ವಾರ ಹೊಸ ಮರಿ ಬರ್ಲಿಕ್ಕುಂಟು. ನಿನ್ನ ಮೂಗಿನ ಮೇಲೆ ನಂಗೆ ನಂಬಿಕೆ ಇಲ್ಲ' ಎಂದೆ ರಿಯಾಝ್‌ಗೆ. 'ಅವಳು ಇಲ್ಲಿರ್ಲಿ. ನಾನು ಹೋಗಿ ಬರ್ತೇನೆ.'

ಸಾಲಿಹಾ ಎದ್ದು ಹೋಗಿ ನನಗೆ ಚಾ ಮಾಡಿ ತಂದಳು. ಹೊತ್ತಲ್ಲದ ಹೊತ್ತು, ಆದರೂ ಕುಡಿದೆ.

ಫೆಬ್ರವರಿ ೨೩, ಭಾನುವಾರ, ವಿಮಾನದಲ್ಲಿ

ಮುಂಬೈ ತಲುಪಲು ಇನ್ನೂ ಹೊತ್ತಿದೆ. ಪಕ್ಕದಲ್ಲಿ ಬ್ರಿಜಿಟ್ ಎಂಬ ಉಡುಪಿ ಕಡೆಯ ಹೆಂಗಸು, ಮಗನ ಮನೆಗೆ ಬಂದು ವಾಪಸು ಹೋಗುತ್ತಿರುವವರು. ಮಾತಿನ ಮಲ್ಲಿ. ನನ್ನ ಚೀಲದ ಮೇಲಿದ್ದ ಮಗುವಿನ ಫೋಟೋ ನೋಡಿ, 'ಮಗಳ ಹೆರಿಗೆಗೆ ಬಂದದ್ದಾ?' ಎಂದು ಕೇಳಿದರು.

'ಹೌದು' ಎಂದೆ. 'ಚೊಚ್ಚಲು. ಹೆಣ್ಣು ಮಗು.'

'ಹಾಗಾದ್ರೆ ತಾಯಿ ಮಗುವನ್ನು ಕರ್ಕೊಂಡು ಹೋಗುದಲ್ವಾ ಊರಿಗೆ?'

'ಮಗಳಿಗೆ ಅಲ್ಲಿ ಕೆಲಸ ಉಂಟು' ಎಂದೆ.